ಮುಟ್ಟಿಸಬ್ಯಾಡ ಎಂದ ದಾಕ್ಷಾಯಿಣಿ

ಶಿರಸಿಯಲ್ಲಿ ದೇವಿಕೆರೆಯ ಹಿಂದಿನ ಓಣಿಯಲ್ಲಿರುವ ದಾಕ್ಷಾಯಿಣಿಯ ಹೊಲಿಗೆ ಅಂಗಡಿ ಎಂದರೆ ಅವಳ ಮನೆಯ ಮುಂದಿನ ಕೋಣೆಯೇ. ಎರಡು ಮಶಿನ್ನು, ಬಟ್ಟೆ ಕತ್ತರಿಸುವ ಮೇಜು, ಅಳತೆ ತೆಗೆದುಕೊಳ್ಳಲು ಮೂಲೆಯಲ್ಲಿ ಪರದೆ ಕಟ್ಟಿದ ಚಿಕ್ಕ ಜಾಗ. ಬನವಾಸಿ ಹತ್ತಿರದ ಗುಡ್ನಾಪುರದಲ್ಲಿ ಹುಟ್ಟಿದವಳು. ಕಿರಾಣಿ ಅಂಗಡಿಯ ಬಸವರಾಜನನ್ನು ಮದುವೆಯಾಗಿ ಪೇಟೆಗೆ ಬಂದಳು. ಮಕ್ಕಳಾಗಲಿಲ್ಲ. ಹೊಲಿಗೆ ಕೈಹಿಡಿಯಿತು.

ರವಿಕೆ ಹೊಲಿಯುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ಆದರೂ ಸಿದ್ದಾಪುರದ ಕಡೆಯಿಂದ, ಯಲ್ಲಾಪುರದ ಕಡೆಯಿಂದ ಹೆಂಗಸರು ಬಸ್ಸು ಹತ್ತಿ ಇವಳಲ್ಲಿಗೇ ಬರುತ್ತಿದ್ದರು. ಹೊಲಿಗೆ ಚೆಂದವಿತ್ತು ನಿಜ, ಆದರೆ ಅದೊಂದೇ ಕಾರಣವಲ್ಲ. ಪರದೆಯ ಹಿಂದೆ ಕೈ ಎತ್ತಿ ನಿಂತಾಗ, ಮನೆಯಲ್ಲಿ ಯಾರ ಹತ್ತಿರವೂ ಆಡದ ಮಾತು ಅವರ ಬಾಯಿಗೆ ಬರುತ್ತಿತ್ತು. ಮುಟ್ಟು ನಿಲ್ಲದ್ದು, ಬಸಿರು ನಿಲ್ಲದ್ದು, ಸೊಸೆ ಮಾತು ಬಿಟ್ಟದ್ದು. ದಾಕ್ಷಾಯಿಣಿ ಟೇಪು ಹಿಡಿದುಕೊಂಡೇ ಕೇಳುತ್ತಿದ್ದಳು, ಕೇಳಿ ಒಂದು ದಾರಿ ಹೇಳುತ್ತಿದ್ದಳು. ಹೇಳಿದ್ದು ಎಷ್ಟೋ ಸಲ ಸರಿಯೂ ಆಗುತ್ತಿತ್ತು. ಹೀಗೆ ತನ್ನ ಮಾತಿಗೆ ತೂಕವಿದೆ ಎನ್ನುವುದು ಅವಳಿಗೆ ನಿಧಾನವಾಗಿ ಅಭ್ಯಾಸವಾಗಿಹೋಗಿತ್ತು.

ಅವಳೊಳಗೆ ಒಂದು ಹಳೆಯ ನೋವಿತ್ತು. ತಾಯಿ ನೀಲಗಂಗವ್ವನಿಗೆ ಹೊಟ್ಟೆನೋವು ಶುರುವಾಗಿ, ಊಟ ಸೇರದೆ, ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲದ ಹಾಗಾದಾಗ ಮಗಳೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದರು. ಆಮೇಲೆ ಯಕೃತ್ತಿನ ಗಡ್ಡೆಗೆ ಸೂಜಿ ಹಾಕಿ ಒಂದು ಎಳೆ ಮಾಂಸ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ತಮ್ಮ ರವೀಂದ್ರ ಹಿಂದೆಮುಂದೆ ನೋಡಿದ. "ಈ ವಯಸ್ಸಿನ್ಯಾಗ ಚುಚ್ಚೂದು ಬ್ಯಾಡಕ್ಕಾ" ಅಂದ. ದಾಕ್ಷಾಯಿಣಿಯೇ ಗಟ್ಟಿ ಮನಸ್ಸು ಮಾಡಿ ಸಹಿ ಹಾಕಿದಳು. ಸೂಜಿ ಹಾಕಿಸಿಕೊಂಡು ಬಂದ ನೀಲಗಂಗವ್ವ ಮತ್ತೆ ಮೇಲೆ ಏಳಲಿಲ್ಲ. ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು, ಎರಡು ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಸಂಜೆ ರವೀಂದ್ರ ಕಟ್ಟೆಯ ಮೇಲೆ ಕುಳಿತು, "ತಣ್ಣಗಿತ್ತು ಗಡ್ಡಿ. ಸೂಜಿ ತಾಗಿಸಿ ಕೆರಳಿಸಿದಂಗಾತು" ಎಂದ. ಬೈಯುವ ದನಿಯಲ್ಲಿ ಹೇಳಲಿಲ್ಲ. ಹಾಗಾಗಿಯೇ ಅದು ಅವಳಲ್ಲಿ ಇನ್ನೂ ಆಳಕ್ಕೆ ಇಳಿಯಿತು. ಅವ್ವನನ್ನು ಕೊಂದದ್ದು ತನ್ನ ಸಹಿ ಎಂದು ಆರು ವರ್ಷ ನಂಬಿಕೊಂಡು ಬದುಕಿದಳು.

ವೆಂಕಮ್ಮ ಸಿದ್ದಾಪುರ ತಾಲೂಕಿನ ತ್ಯಾಗಲಿಯವಳು. ಗಂಡ ಮನೋಹರ, ಮಗಳು ದಿವ್ಯಾ, ಒಂದಿಷ್ಟು ಗದ್ದೆ, ಎರಡು ಎಮ್ಮೆ. ದಾಕ್ಷಾಯಿಣಿಗಿಂತ ಐದಾರು ವರ್ಷಕ್ಕೆ ಚಿಕ್ಕವಳು. ಬಾಣಂತನ ಮುಗಿಸಿ ಮೊದಲ ಸಲ ರವಿಕೆ ಅಗಲ ಮಾಡಿಸಲು ಬಂದ ದಿನದಿಂದ ಇಬ್ಬರಿಗೂ ಸ್ನೇಹ. ಸಂತೆಯ ದಿನ ಶಿರಸಿಗೆ ಬಂದರೆ ಚೀಲದಲ್ಲಿ ಒಂದು ಮೊಗೆಕಾಯಿಯೋ ಕೆಸುವಿನ ಸೊಪ್ಪೋ ತಂದಿಟ್ಟು, ಚಹಾ ಕುಡಿದು, ಬಸ್ಸಿನ ಹೊತ್ತಿಗೆ ಏಳುವಳು. ದಿವ್ಯಾ ಚಿಕ್ಕಂದಿನಿಂದಲೂ ದಾಕ್ಷಾಯಿಣಿಯನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದಳು. ಅವಳ ಶಾಲೆಯ ಸಮವಸ್ತ್ರದಿಂದ ಹಿಡಿದು, ಸಿದ್ದಾಪುರದ ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ ದಿನ ಹಾಕಿಕೊಂಡ ಚೂಡಿದಾರದವರೆಗೆ ಎಲ್ಲವೂ ಈ ಮಶಿನ್ನಿನಲ್ಲೇ ಹೊಲಿದದ್ದು.

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಸಂತೆಯಲ್ಲದ ದಿನ ವೆಂಕಮ್ಮ ಬಂದಳು. ಕೈಯಲ್ಲಿ ಚೀಲವಿರಲಿಲ್ಲ. ಬಂದವಳೇ ಪರದೆಯ ಹಿಂದೆ ಹೋಗಿ ನಿಂತಳು.

"ಅಕ್ಕಾ, ಇಲ್ಲೊಂದು ಗಂಟು ಇದ್ದಂಗೆ ಅದೆ. ಮುಟ್ಟಿ ನೋಡಿ."

ದಾಕ್ಷಾಯಿಣಿ ಮುಟ್ಟಿದಳು. ಎಡ ಎದೆಯಲ್ಲಿ, ಬಗಲಿನ ಹೊಲಿಗೆ ಬರುವ ಕಡೆಗೆ, ಅಡಿಕೆ ಗಾತ್ರದ ಗಟ್ಟಿ ಗಂಟು. ಒತ್ತಿದರೆ ನೋವಿಲ್ಲ ಎಂದಳು ವೆಂಕಮ್ಮ. ಹೋದ ವಾರ ಶಿರಸಿಯ ಆಸ್ಪತ್ರೆಗೆ ಹೋಗಿದ್ದಳಂತೆ. ಮೇಲಿಂದ ಯಂತ್ರ ಆಡಿಸಿ ನೋಡಿ, ಬಯಾಪ್ಸಿ ಮಾಡಬೇಕು ಎಂದಿದ್ದರಂತೆ.

"ಇವತ್ತು ಬರೂಕೆ ಹೇಳಿದಾರೆ. ಸೂಜಿ ಹಾಕಿ ಒಂಚೂರು ತೆಗೀತಾರಂತೆ. ಮನೇಲಿ ಯಾರಿಗೂ ಹೇಳಿಲ್ಲ. ನಂಗೆ ಎಂತ ಮಾಡೂದು ಗೊತ್ತಾಗ್ತಾ ಇಲ್ಲ ಅಕ್ಕಾ."

ಆ ಹೊತ್ತಿಗೆ ದಾಕ್ಷಾಯಿಣಿಯ ಕಣ್ಣಿಗೆ ಕಂಡದ್ದು ವೆಂಕಮ್ಮನಲ್ಲ, ಹಳದಿ ಕಣ್ಣಿನ ಅವ್ವ. ಅವಳು ಸ್ವಲ್ಪವೂ ತಡೆಯಲಿಲ್ಲ.

"ಮುಟ್ಟಿಸಬ್ಯಾಡ ವೆಂಕಮ್ಮ. ನನ್ನ ಮಾತು ಕೇಳು. ನಮ್ಮವ್ವಗ ಹಂಗ ಮಾಡಿಸಿ ಕಳಕೊಂಡೀನಿ. ಸುಮ್ನಿದ್ದ ಗಡ್ಡಿ ಸೂಜಿ ಚುಚ್ಚಿದ ಮ್ಯಾಲೆ ಮೈಯೆಲ್ಲಾ ಹರಡಿತು. ನೋವು ಇಲ್ಲಂತಿ, ಮತ್ಯಾಕ ಕೆರಳಸ್ತಿ?"

ವೆಂಕಮ್ಮ ರವಿಕೆಯ ಗುಂಡಿ ಹಾಕಿಕೊಂಡು ಹೊರಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಮುಖ ಹಗುರಾಗಿತ್ತು. ಚಹಾ ಕುಡಿದಳು. ಆಸ್ಪತ್ರೆಗೆ ಹೋಗಬೇಕಾದವಳು ಮಧ್ಯಾಹ್ನದ ಬಸ್ಸಿಗೆ ವಾಪಸು ತ್ಯಾಗಲಿಗೆ ಹೋದಳು. ಒಬ್ಬರನ್ನು ಉಳಿಸಿದೆ ಎನ್ನುವ ಸಮಾಧಾನದಲ್ಲಿ ದಾಕ್ಷಾಯಿಣಿ ಅಂದು ಮಶಿನ್ನು ತುಳಿದಳು.

ಆ ಸಮಾಧಾನ ಬಹಳ ಕಾಲ ಉಳಿಯಲಿಲ್ಲ. ನಿಲ್ಕುಂದದ ಕಡೆ ಯಾರೋ ಬೇರು ಅರೆದು ಕೊಡುತ್ತಾರೆಂದು ವೆಂಕಮ್ಮ ಕೆಲವು ತಿಂಗಳು ಅದನ್ನು ಹಚ್ಚಿಕೊಂಡಳು. ಯುಗಾದಿಗೆ ಹೊಸ ರವಿಕೆ ಹೊಲಿಯಲು ಕೊಟ್ಟಾಗ ಎಡಗಡೆ ಬಿಗಿಯಾಯಿತು. ದಾಕ್ಷಾಯಿಣಿ ಎದೆಯ ಟಕ್ಸಿನ ಮಡಿಕೆ ಬಿಚ್ಚಿ ಆ ಬದಿಗೆ ಸ್ವಲ್ಪ ಸಡಿಲ ಕೊಟ್ಟಳು. "ದಪ್ಪ ಆಗೀಯಲ್ಲ" ಎಂದು ನಕ್ಕಳು. ವೆಂಕಮ್ಮನೂ ನಕ್ಕಳು. ನಾಗರ ಪಂಚಮಿಗೆ ಬಂದಾಗ ಮತ್ತೆ ಬಿಚ್ಚಬೇಕಾಯಿತು. ಮೈ ದಪ್ಪವಾದರೆ ಎರಡೂ ಬದಿ ದಪ್ಪವಾಗಬೇಕು ಎಂಬುದು ಮೂವತ್ತು ವರ್ಷ ಹೊಲಿದವಳಿಗೆ ತಿಳಿಯದ ಸಂಗತಿಯಲ್ಲ. ಬಲಗಡೆಯ ಅಳತೆ ಹಾಗೆಯೇ ಇತ್ತು. ಆದರೂ ಅವಳು ಕೇಳಲಿಲ್ಲ. ಕೇಳಿದರೆ ತಾನು ಹೇಳಿದ್ದು ತಪ್ಪಾಗಿರಬಹುದು ಎಂಬ ಮಾತು ಬರುತ್ತದೆ. ಅದಕ್ಕಿಂತ ಹೊಲಿಗೆ ಬಿಚ್ಚಿ ಇನ್ನೊಂದು ಹೊಲಿಗೆ ಹಾಕುವುದು ಸುಲಭವಾಗಿತ್ತು. ಹೀಗೆ ತನ್ನ ಕೈಯಿಂದಲೇ ಆ ಗಂಟಿಗೆ ಜಾಗ ಮಾಡಿಕೊಡುತ್ತ ಒಂದು ವರ್ಷ ಕಳೆದಳು.

ಚಳಿಗಾಲದಲ್ಲಿ ಒಂದು ಶನಿವಾರ ದಿವ್ಯಾ ಒಬ್ಬಳೇ ಬಂದಳು. ಅಮ್ಮನ ಮೂರು ರವಿಕೆ ಮೇಜಿನ ಮೇಲಿಟ್ಟಳು.

"ದೊಡ್ಡಮ್ಮ, ಇವಕ್ಕೆ ಎಡಗೈ ತೋಳು ಮಾತ್ರ ದೊಡ್ಡ ಮಾಡಿ ಕೊಡಿ. ಅಮ್ಮನ ಕೈ ಯಾಕೋ ಬಾತಿದೆ, ತೂರೂದೇ ಇಲ್ಲ. ಹುಳ ಕಚ್ಚಿದ್ದು ಅಂತಾಳೆ."

ದಾಕ್ಷಾಯಿಣಿ ಕತ್ತರಿ ಕೈಗೆತ್ತಿಕೊಂಡಳು. ಒಂದು ತೋಳಿನ ಹೊಲಿಗೆಗೆ ಅದರ ತುದಿ ಹಾಕಿದಳು. ಮುಂದೆ ಕೈ ಓಡಲಿಲ್ಲ.

"ಹುಳ ಅಲ್ಲ ದಿವ್ಯಾ. ನಿಮ್ಮವ್ವಗ ಎದಿಯೊಳಗ ಗಂಟು ಐತಿ. ಭಾಳ ದಿನದಿಂದ ಐತಿ. ನಾಳೆ ದವಾಖಾನಿಗೆ ಕರಕೊಂಡು ಬಾ. ನಾನೂ ಬರ್ತೀನಿ."

"ನಾಳೆ ಭಾನುವಾರ" ಎಂದಳು ದಿವ್ಯಾ.

"ಹಂಗಾದ್ರ ಸೋಮವಾರ."

ಸೋಮವಾರ ಮೂವರೂ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತರು. ಡಾಕ್ಟರ್ ಪ್ರತಿಭಾ ಸಣ್ಣ ವಯಸ್ಸಿನ ಹೆಂಗಸು, ಸೌಮ್ಯ ಮಾತು. ವೆಂಕಮ್ಮನನ್ನು ಮುಟ್ಟಿ ನೋಡಿ, ಬಗಲಿನಲ್ಲಿ ಬೆರಳಾಡಿಸಿ, ಕೈ ತೊಳೆದುಕೊಂಡು ಬಂದು ಹಳೆಯ ಚೀಟಿ ನೋಡಿದರು.

"ಹಿಂದೆ ಒಂದು ಸಲ ತೋರಿಸಿದ್ರಲ್ಲ? ಆಗಲೇ ಬಯಾಪ್ಸಿಗೆ ಬರೂಕೆ ಹೇಳಿದ್ರಂತೆ. ಯಾಕೆ ಬರಲಿಲ್ಲ?"

ದಾಕ್ಷಾಯಿಣಿ ಗೋಡೆಗೆ ಆತು ನಿಂತಿದ್ದಳು. ಈಗ ವೆಂಕಮ್ಮ ತನ್ನ ಕಡೆ ತಿರುಗುತ್ತಾಳೆ ಎಂದುಕೊಂಡಳು. ವೆಂಕಮ್ಮ ತಿರುಗಲಿಲ್ಲ.

"ಹೆದ್ರಿಕೆ ಆಯ್ತು ಅಮ್ಮಾ" ಎಂದಳು, ಅಷ್ಟೇ.

ಬಾಯಿ ತೆರೆಯಲು ಅದು ಸರಿಯಾದ ಗಳಿಗೆಯಾಗಿತ್ತು. ದಾಕ್ಷಾಯಿಣಿ ತೆರೆಯಲಿಲ್ಲ. ವೆಂಕಮ್ಮ ಹೊದೆಸಿದ ಮೌನದೊಳಗೆ ತೆಪ್ಪಗೆ ಉಳಿದಳು. ಆಮೇಲೆ ಎಷ್ಟೋ ಸಲ ಅವಳಿಗೆ ಅನ್ನಿಸಿದ್ದುಂಟು: ಮೊದಲು ಆಡಿದ ಮಾತು ತಿಳಿಯದೆ ಆಡಿದ್ದು, ಆದರೆ ಆ ದಿನ ಸುಮ್ಮನಿದ್ದದ್ದು ತಿಳಿದೇ ಸುಮ್ಮನಿದ್ದದ್ದು.

ಅದೇ ವಾರ ಸೂಜಿ ಹಾಕಿದರು. ವೆಂಕಮ್ಮ ಒಳಗೆ ಹೋಗುವಾಗ ದಾಕ್ಷಾಯಿಣಿಯ ಕೈ ಹಿಡಿದುಕೊಂಡಳು. ಬಾಗಿಲ ಹೊರಗೆ ನಿಂತ ದಾಕ್ಷಾಯಿಣಿಗೆ ಸೂಜಿಯ ಯಂತ್ರದ ಟಕ್ ಎನ್ನುವ ಒಂದು ಸದ್ದು ಕೇಳಿಸಿತು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಪ್ರತಿ ಸದ್ದಿಗೂ ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅರ್ಧ ಗಂಟೆಯಲ್ಲಿ ವೆಂಕಮ್ಮ ನಡೆದುಕೊಂಡೇ ಹೊರಗೆ ಬಂದಳು. ನರ್ಸು ಕೈಯಲ್ಲಿ ಹಿಡಿದ ಚಿಕ್ಕ ಶೀಶೆಯ ನೀರಿನಂಥ ದ್ರವದಲ್ಲಿ ಶ್ಯಾವಿಗೆಯ ತುಂಡಿನ ಹಾಗೆ ಬೆಳ್ಳಗೆ ಎರಡು ಮೂರು ಎಳೆ ಮುಳುಗಿದ್ದವು.

"ಇಷ್ಟೇ?" ಎಂದು ಕೇಳಿದಳು ದಿವ್ಯಾ.

"ಇಷ್ಟೇ. ಇದರಲ್ಲೇ ಗೊತ್ತಾಗ್ತದೆ" ಎಂದು ನರ್ಸು ಹೋದಳು.

ಕ್ಯಾನ್ಸರ್ ಎಂದೇ ಬಂತು. ಎಲ್ಲಿಯವರೆಗೆ ಹೋಗಿದೆ ಎಂದು ನೋಡಲು ಹುಬ್ಬಳ್ಳಿಯಲ್ಲಿ ಸಿ.ಟಿ. ಮಾಡಿಸಿಕೊಂಡು ಬರಲು ಹೇಳಿದರು. ಮನೋಹರ, ದಿವ್ಯಾ ಕರೆದುಕೊಂಡು ಹೋದರು. ಆ ದಿನ ದಾಕ್ಷಾಯಿಣಿ ಕೆಲಸಕ್ಕೆ ಕೂರಲಾರದೆ, ಅಟ್ಟದ ಮೇಲಿಟ್ಟಿದ್ದ ಅವ್ವನ ಟ್ರಂಕು ಇಳಿಸಿದಳು. ತಳದಲ್ಲಿ, ಅವ್ವನ ಇಳಕಲ್ ಸೀರೆಯ ಕೆಳಗೆ, ಹುಬ್ಬಳ್ಳಿಯ ಸ್ಕ್ಯಾನಿನ ದೊಡ್ಡ ಲಕೋಟೆ ಇತ್ತು. ಯಾಕೆ ತೆಗೆದೆ ಎಂದು ಯಾರಾದರೂ ಕೇಳಿದ್ದರೆ ಅವಳು ಏನೋ ಒಂದು ಹೇಳುತ್ತಿದ್ದಳು. ಒಳಗಿನ ನಿಜ ಬೇರೆಯಿತ್ತು. ಸೂಜಿಯಿಂದಲೇ ಅವ್ವನಿಗೆ ಹರಡಿದ್ದು ಎಂದು ಡಾಕ್ಟರ ಬಾಯಿಂದಲೇ ಬಂದುಬಿಟ್ಟರೆ ಸಾಕು ಎಂದು ಅವಳ ಮನಸ್ಸು ಹಂಬಲಿಸುತ್ತಿತ್ತು. ಅವ್ವನನ್ನು ಕೊಂದವಳು ತಾನೇ ಎಂದು ಖಾತ್ರಿಯಾದರೂ ಚಿಂತೆಯಿಲ್ಲ, ವೆಂಕಮ್ಮನಿಗೆ ಕೊಟ್ಟ ಬುದ್ಧಿ ಸರಿಯಾಗಿರಲಿ.

ವೆಂಕಮ್ಮನ ಸ್ಕ್ಯಾನು ತೋರಿಸಲು ಹೋದಾಗ ದಾಕ್ಷಾಯಿಣಿ ಆ ಲಕೋಟೆಯನ್ನೂ ಒಯ್ದಳು. ವೆಂಕಮ್ಮ ಹೊರಗೆ ಬೆಂಚಿನಲ್ಲಿ ಗಂಡನ ಪಕ್ಕ ಕುಳಿತಿದ್ದಳು. ಒಳಗೆ ಹೋದದ್ದು ದಿವ್ಯಾ ಮತ್ತು ದಾಕ್ಷಾಯಿಣಿ. ಡಾಕ್ಟರು ಗೋಡೆಯ ಬೆಳಕಿನ ಹಲಗೆಗೆ ಫಿಲ್ಮು ಸಿಕ್ಕಿಸಿದರು. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಸಾಲಾಗಿ ಜೋಡಿಸಿದ ಹಾಗಿತ್ತು. ಮೇಲಿನ ಸಾಲಿನಲ್ಲಿ ಎದೆ, ಕೆಳಗೆ ಹೋದ ಹಾಗೆ ಹೊಟ್ಟೆ.

"ಶ್ವಾಸಕೋಶದಲ್ಲಿ ಇಲ್ಲ. ಯಕೃತ್ತಲ್ಲೂ ಇಲ್ಲ. ಬಗಲಿನ ಗಂಟುಗಳಿಗೆ ಮಾತ್ರ ಹೋಗಿದೆ. ಮೊದಲು ಕಿಮೋ ಕೊಟ್ಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡ್ತಾರೆ. ಆಗಲೇ ಬಂದಿದ್ರೆ ಗಂಟು ಮಾತ್ರ ತೆಗೆದು ಮುಗೀತಿತ್ತೇನೋ. ಈಗ ಒಂದು ಬದಿಯ ಸ್ತನವನ್ನೇ ಪೂರ್ತಿ ತೆಗೀಬೇಕಾಗ್ತದೆ."

ದಿವ್ಯಾ ತಲೆ ಅಲ್ಲಾಡಿಸಿದಳು. ದಾಕ್ಷಾಯಿಣಿ ತನ್ನ ಲಕೋಟೆ ಮುಂದೆ ಮಾಡಿದಳು.

"ಡಾಕ್ಟ್ರ, ಇದೊಂದು ನೋಡ್ರಿ. ನಮ್ಮವ್ವಂದು. ಸೂಜಿ ಹಾಕಿದ ಮ್ಯಾಲೆ ಆಕಿಗೆ ಎಲ್ಲಾ ಕಡೆ ಹರಡಿತು."

ಹೊರಗೆ ಬಹಳ ಜನ ಕಾಯುತ್ತಿದ್ದರು. ಆದರೂ ಡಾಕ್ಟರು ಬೇಡವೆನ್ನಲಿಲ್ಲ. ಫಿಲ್ಮು ಏರಿಸಿ ಮೂಲೆಯ ತಾರೀಕು ನೋಡಿದರು.

"ಸೂಜಿ ಹಾಕಿದ್ದು ಯಾವಾಗ?"

"ಈ ಸ್ಕ್ಯಾನು ಆಗಿ ಮುಂದಿನ ವಾರ."

"ಇಲ್ಲಿ ಬನ್ನಿ." ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. "ಇದು ಅವರ ಯಕೃತ್ತು. ಈ ಕಪ್ಪು ಚುಕ್ಕೆ ಕಾಣ್ತದಲ್ಲ? ಇಲ್ಲಿ, ಇಲ್ಲಿ, ಈ ಬಿಲ್ಲೆಯಲ್ಲೂ, ಇದರಲ್ಲೂ. ಸೂಜಿ ಮುಟ್ಟೋ ಮೊದಲೇ ತುಂಬಾ ಹರಡಿತ್ತು. ಸೂಜಿ ಏನೂ ಮಾಡಿಲ್ಲಮ್ಮ. ಹಾಕಿದ್ರೂ ಹಾಕದಿದ್ರೂ ಅವರು ಉಳೀತಿರಲಿಲ್ಲ. ಸೂಜಿಯಿಂದ ಹರಡ್ತದೆ ಅಂತ ಎಷ್ಟೋ ಜನ ಹೆದರಿಸ್ತಾರೆ. ಅದನ್ನ ಕೇಳಿ ಮನೆಯಲ್ಲೇ ಕೂತವರು ಹೀಗೆ ತಡವಾಗಿ ಬರ್ತಾರೆ."

ಅವರು ಯಾರನ್ನೂ ಉದ್ದೇಶಿಸಿ ಹೇಳಲಿಲ್ಲ. ಆದರೆ ದಿವ್ಯಾ ನಿಧಾನವಾಗಿ ತಿರುಗಿದಳು. ಅಮ್ಮನಿಗೆ ಎದೆಯಲ್ಲಿ ಗಂಟಿದೆ ಎನ್ನುವುದು ಈಕೆಗೆ ಮೊದಲೇ ಹೇಗೆ ಗೊತ್ತಿತ್ತು, ಅಮ್ಮನಿಗೆ ಆ ಹೆದರಿಕೆ ಎಲ್ಲಿಂದ ಬಂತು, ಎರಡೂ ಅವಳಿಗೆ ಒಟ್ಟಿಗೆ ತಿಳಿದಂತಿತ್ತು.

"ನೀವು ಹೇಳಿದ್ರಾ ಅಮ್ಮಂಗೆ?" ಎಂದು ಕೇಳಿದಳು.

"ಹೂಂ" ಎಂದಳು ದಾಕ್ಷಾಯಿಣಿ.

ದಿವ್ಯಾ ಅಮ್ಮನ ಫಿಲ್ಮುಗಳನ್ನು ಲಕೋಟೆಗೆ ತುಂಬಿಕೊಂಡು ಹೊರಗೆ ಹೋದಳು. ಮತ್ತೆ ದೊಡ್ಡಮ್ಮ ಎಂದು ಕರೆಯಲಿಲ್ಲ.

ಆರು ವರ್ಷ ಹೊತ್ತ ಭಾರ ಇಳಿದದ್ದು ಆ ಕೋಣೆಯಲ್ಲಿ. ಆದರೆ ಅದರ ಹಗುರವನ್ನು ಅನುಭವಿಸುವ ಯೋಗ್ಯತೆಯೇ ತನಗಿಲ್ಲ ಎನ್ನಿಸಿತು ಅವಳಿಗೆ. ಮಾಡದ ತಪ್ಪಿಗೆ ಅಷ್ಟು ವರ್ಷ ಅತ್ತು, ಆ ಅಳುವಿನ ಬಲದಲ್ಲೇ ನಿಜವಾದ ತಪ್ಪೊಂದನ್ನು ಮಾಡಿದ್ದಳು. ಮನೆಗೆ ಬಂದು ತಮ್ಮನಿಗೆ ಫೋನು ಮಾಡಿದಳು.

"ರವೀಂದ್ರ, ಅವ್ವಗ ಸೂಜಿಯಿಂದ ಏನೂ ಆಗಿದ್ದಿಲ್ಲಂತ. ಮೊದಲ ಹರಡಿತ್ತಂತ."

"ಈಗ್ಯಾಕ ಅದು ಅಕ್ಕಾ?"

"ನೀ ಅಂದಿದ್ದಿಯಲ್ಲ, ಸೂಜಿ ತಾಗಿಸಿ ಕೆರಳಿಸಿದಂಗಾತು ಅಂತ."

"ನಾ ಹಂಗ ಅಂದಿದ್ನೇನು? ನನಗ ನೆನಪ ಇಲ್ಲ ನೋಡು" ಎಂದ. ಸುಳ್ಳು ಹೇಳುವ ದನಿಯಾಗಿರಲಿಲ್ಲ. ದಾಕ್ಷಾಯಿಣಿಗೆ ಸಿಟ್ಟು ಬಂತು. ಹಿಂದೆಯೇ ಇನ್ನೊಂದು ಯೋಚನೆ ಬಂದು ಆ ಸಿಟ್ಟನ್ನು ನುಂಗಿತು. ಪರದೆಯ ಹಿಂದೆ ಇಷ್ಟು ವರ್ಷದಲ್ಲಿ ತಾನು ಎಷ್ಟು ಜನಕ್ಕೆ ಏನೇನು ಹೇಳಿದ್ದೇನೋ, ತನಗೂ ಎಲ್ಲಿ ನೆನಪಿದೆ.

ಕಿಮೋ ಶುರುವಾದ ಮೇಲೆ ಒಂದು ದಿನ ಅವಳು ತ್ಯಾಗಲಿಗೆ ಹೋದಳು. ದಿವ್ಯಾ ಕೆಲಸಕ್ಕೆ ಹೋಗಿದ್ದಳು. ಮನೋಹರ ಬಾಗಿಲಲ್ಲಿ ನೋಡಿ, "ಒಳಗೆ ಮಲಗಿದಾಳೆ" ಎಂದಷ್ಟೇ ಹೇಳಿ ಕೊಟ್ಟಿಗೆಯ ಕಡೆ ನಡೆದ. ವೆಂಕಮ್ಮನ ಕೂದಲು ಉದುರಿತ್ತು. ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡಿದ್ದಳು. ದಾಕ್ಷಾಯಿಣಿ ಚಾಪೆಯ ಅಂಚಿನಲ್ಲಿ ಕುಳಿತಳು.

"ಡಾಕ್ಟ್ರ ಮುಂದೆ ನನ್ನ ಹೆಸರು ಯಾಕ ಹೇಳಲಿಲ್ಲ ವೆಂಕಮ್ಮ?" ಎಂದಳು.

"ಹೇಳಿ ಎಂತ ಆಗ್ತಿತ್ತು?"

"ನಾ ಹೇಳದಿದ್ರ ನೀ ಅವತ್ತು ಹೋಗ್ತಿದ್ದೇನು?"

ವೆಂಕಮ್ಮ ಮಾಡಿನ ಕಡೆ ನೋಡಿದಳು. ಇಲ್ಲವೆಂದು ಒಂದು ಮಾತು ಹೇಳಿದ್ದರೆ ದಾಕ್ಷಾಯಿಣಿ ಅದನ್ನೇ ಹಿಡಿದುಕೊಂಡು ಬದುಕುತ್ತಿದ್ದಳು.

"ಹೋಗ್ತಿದ್ದೆ ಅಕ್ಕಾ. ಸುಳ್ಳು ಯಾಕೆ ಹೇಳೂದು. ಹೋಗೂಕೇ ಬಂದಿದ್ದೆ. ಧೈರ್ಯ ಹೇಳ್ತೀರಿ, ಜೊತೆಗೆ ಬರ್ತೀರಿ ಅಂತ ನಿಮ್ಮಲ್ಲಿಗೆ ಬಂದೆ." ತಲೆಯ ಬಟ್ಟೆ ಸರಿಮಾಡಿಕೊಂಡು ಹೇಳಿದಳು: "ಬೇಡ ಅಂದ್ರಲ್ಲ, ಆಗ ನಂಗೂ ಖುಷಿ ಆಯ್ತು. ಅದೂ ಸುಳ್ಳಲ್ಲ."

ದಾಕ್ಷಾಯಿಣಿ ಸೆರಗಿನಿಂದ ಮುಖ ಒತ್ತಿಕೊಂಡಳು. ವೆಂಕಮ್ಮ ಸಮಾಧಾನ ಮಾಡಲಿಲ್ಲ, ಎದ್ದು ಹೋಗು ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಬಾಯೆಲ್ಲ ಹುಣ್ಣಾಗಿದೆ, ತಣ್ಣಗೆ ಒಂಚೂರು ಮಜ್ಜಿಗೆ ಮಾಡಿ ಕೊಡಿ" ಎಂದಳು. ದಾಕ್ಷಾಯಿಣಿ ಎದ್ದು ಆ ಅಡಿಗೆಮನೆಯಲ್ಲಿ ಮಜ್ಜಿಗೆಯ ಪಾತ್ರೆ ಹುಡುಕಿದಳು.

ಅಲ್ಲಿಂದ ವಾರಕ್ಕೊಮ್ಮೆ ಹೋಗುತ್ತಿದ್ದಳು, ದಿವ್ಯಾ ಇಲ್ಲದ ಹೊತ್ತು ನೋಡಿಕೊಂಡು. ಮಳೆಗಾಲದ ಕೊನೆಯಲ್ಲಿ ಆಪರೇಷನ್ ಆಯಿತು. ಎಡಬದಿ ತೆಗೆದರು. ತೆಗೆದ ಮಾಂಸವನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಅಂಚುಗಳಲ್ಲಿ ರೋಗ ಉಳಿದಿಲ್ಲ ಎಂದು ಬಂತು. ಆದರೂ ಐದು ವರ್ಷ ಕಣ್ಣಿಡಬೇಕು ಎಂದರು. ಕೈಯ ಬಾವು ಪೂರ್ತಿ ಇಳಿಯಲಿಲ್ಲ. ವೆಂಕಮ್ಮ ಈಗ ಎಮ್ಮೆ ಕರೆಯುವುದು ಬಲಗೈಯೊಂದರಲ್ಲೇ.

ಅಂಗಡಿಯಲ್ಲಿ ದಾಕ್ಷಾಯಿಣಿಯ ಮಾತು ಕಡಿಮೆಯಾಯಿತು. ಒಂದು ದಿನ ಉಮ್ಮಚಗಿಯ ಹೆಂಗಸೊಬ್ಬಳು ಪರದೆಯ ಹಿಂದೆ, ತಂಗಿಯ ಕುತ್ತಿಗೆಯ ಗಂಟಿಗೆ ಸೂಜಿ ಹಾಕಿಸಬೇಕೋ ಬೇಡವೋ ಎಂದು ಕೇಳಿದಳು. ದಾಕ್ಷಾಯಿಣಿ ಟೇಪು ಕೆಳಗಿಳಿಸಿದಳು. "ಹಾಕಸ್ರಿ. ನಾ ಒಬ್ಬಾಕಿಗೆ ಬ್ಯಾಡ ಅಂದು ಆಕಿ ಮೈ ಹಾಳ ಮಾಡೀನಿ" ಎಂದಳು. ಆ ಹೆಂಗಸು ಗಾಬರಿಯಿಂದ ಅವಳ ಮುಖ ನೋಡಿ, ಬಟ್ಟೆ ಕೊಟ್ಟು ಹೋದಳು. ಸಿದ್ಧವಾದ ರವಿಕೆ ಒಯ್ಯಲು ಬೇರೆ ಯಾರನ್ನೋ ಕಳಿಸಿದಳು. ಅವಳ ತಂಗಿ ಆಸ್ಪತ್ರೆಗೆ ಹೋದಳೋ ಇಲ್ಲವೋ ಗೊತ್ತಾಗಲಿಲ್ಲ.

ದಿವ್ಯಾ ತನ್ನ ಬಟ್ಟೆಗಳನ್ನು ಸಿದ್ದಾಪುರದಲ್ಲೇ ಬೇರೆಯವರ ಹತ್ತಿರ ಹೊಲಿಸುತ್ತಿದ್ದಳು. ಎದುರು ಸಿಕ್ಕರೆ ಒಂದು ಮಾತಿಗೆ ಒಂದು ಮಾತು, ಅಷ್ಟೇ. ಹೀಗಿರುವಾಗ ಈ ವರ್ಷ ಸಂಕ್ರಾಂತಿ ಕಳೆದು, ಅವಳು ಅಂಗಡಿಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡೇ ನಿಂತಳು.

"ಬುಧವಾರ ಅಮ್ಮಂದು ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಅದೆ. ಸೊಸೈಟಿಯಲ್ಲಿ ಆಡಿಟ್, ನಂಗೆ ರಜೆ ಇಲ್ಲ. ಅಪ್ಪಂಗೆ ಅಲ್ಲಿ ಎಲ್ಲಿಗೆ ಹೋಗೂದು ಅಂತ ತಿಳಿಯೂದಿಲ್ಲ."

ದಾಕ್ಷಾಯಿಣಿ ಮಶಿನ್ನಿನಿಂದ ಎದ್ದು ನಿಂತಳು.

"ನಾ ಹೋಗ್ತೀನಿ."

"ಖಾಲಿ ಹೊಟ್ಟೇಲಿ ಇರಬೇಕು. ಮಧ್ಯೆ ಎಲ್ಲೂ ಚಹಾ ಕುಡಿಸಬೇಡಿ, ಅವಳು ಕೇಳ್ತಾಳೆ." ದಿವ್ಯಾ ಹಳೆಯ ಫಿಲ್ಮುಗಳ ಲಕೋಟೆಯನ್ನು ಚಾಚಿದಳು. "ಎಡಗೈ ಬಾತಿದೆಯಲ್ಲ, ಅದಕ್ಕೆ ಇಂಜೆಕ್ಷನ್ ಕೊಡೂಕೆ ಬಿಡಬೇಡಿ. ಅದನ್ನ ನೀವೇ ಹೇಳಬೇಕು, ಅಮ್ಮ ಹೇಳೂದಿಲ್ಲ."

"ಹೇಳ್ತೀನಿ."

ದಿವ್ಯಾ ಬಸ್ಸಿಗೆ ಹೊತ್ತಾಯಿತೆಂದು ಓಣಿಯಲ್ಲಿ ಬೇಗ ಬೇಗ ನಡೆದು ಹೋದಳು. ದಾಕ್ಷಾಯಿಣಿ ಒಳಗಿದ್ದ ಗಂಡ ಬಸವರಾಜನಿಗೆ, ಬುಧವಾರ ಬೆಳಿಗ್ಗೆ ಬೇಗ ಹೊರಡಬೇಕು, ಅಡಿಗೆ ನೀವೇ ನೋಡಿಕೊಳ್ಳಬೇಕಾಗುತ್ತದೆ ಎಂದು ಕೂಗಿ ಹೇಳಿದಳು.